ಗೌಡಿಕೆಗೆ ಅರ್ಹರಾರು?

ಅಮೇರಿಕೆಯ ಜಾರ್ಜಿಯಾ ಸಂಸ್ಥಾನದಲ್ಲಿ ಉದ್ಯೋಗದ ನಿಮಿತ್ತ ನೆಲೆಸಿರುವ ನಮ್ಮ ಸೋದರಳಿಯನು ಅಲ್ಲಿಯ ಸುದ್ದಿಯನ್ನು ಆಗಾಗ ನಮಗೆ ಬರೆದು ತಿಳಿಸುತ್ತಿರುವನು. 2024ರ ನವೆಂಬರಿನಲ್ಲಿ ಆ ದೇಶದ ಅಧ್ಯಕ್ಷರ ಚುನಾವಣೆಯ ಗದ್ದಲವು ಜಗತ್ತಿಗೆಲ್ಲ ಕೇಳಿಸುತ್ತಿರಲು, ಅವನು ಮಾತ್ರ ಬೇರೊಂದು ಸಂಗತಿಯನ್ನು ಬರೆದಿದ್ದನು. ಅದೇ ದಿನ ಅವನಿರುವ ಜಿಲ್ಲೆಯ ಜನರು ತಮ್ಮ 'ಶೆರೀಫ್' ಎಂಬ ಅಧಿಕಾರಿಯನ್ನೂ ಓಟು ಹಾಕಿ ಆರಿಸಿಕೊಂಡರಂತೆ. "ಮಾಮಾ, ಕಳ್ಳರನ್ನು ಹಿಡಿಯುವವನನ್ನು ಊರವರೇ ಆರಿಸುವುದೆಂದರೆ ಸೋಜಿಗವಲ್ಲವೆ? ನಮ್ಮ ಗುಂಜಹಳ್ಳಿಯಲ್ಲಿ ಹಿಂದೆ ಇಂಥವರು ಇದ್ದರೆ? ಅವರನ್ನು ಯಾರು ಆರಿಸುತ್ತಿದ್ದರು?" ಎಂದು ಕೇಳಿದ್ದನು. ಅವನಿಗೆ ಉತ್ತರ ಬರೆಯಲು ಕುಳಿತಾಗ ವಿಷಯವು ಪತ್ರದ ಅಳತೆಯನ್ನು ಮೀರಿತು. ಅಲ್ಲದೆ ಅದು ಈಗ ನಮ್ಮ ಮನೆಯ ಹೊಸ್ತಿಲಿಗೇ ಬಂದು ನಿಂತಿರುವ ಪ್ರಶ್ನೆಯಾದುದರಿಂದ, ಗೃಹಸ್ಥರಾದ ವಾಚಕರ ಮುಂದೆ ಇಡುವುದು ಯುಕ್ತವೆಂದು ತೋರಿತು.

ಶೆರೀಫನೆಂಬ ಹೆಸರು ಇಂಗ್ಲೆಂಡಿನದು. 'ಶೈರ್' ಎಂದರೆ ಪ್ರಾಂತ, 'ರೀವ್' ಎಂದರೆ ಅದರ ಮೇಲ್ವಿಚಾರಕ. ಇವೆರಡೂ ಕೂಡಿ ಸವೆದು ಶೆರೀಫ್ ಆಯಿತು. ಆ ಪದವಿಯು ಬ್ರಿಟಿಷರೊಡನೆ ಮುಂಬಯಿ, ಕಲಕತ್ತೆಗಳಿಗೂ ಬಂದಿತ್ತು. ಅಲ್ಲಿ ಅದು ಬರಬರುತ್ತ ಗೌರವದ ಪದವಿಯಾಗಿ ಉಳಿಯಿತು. ಅಮೇರಿಕೆಯಲ್ಲಿಯಾದರೋ ಅದು ಹಲ್ಲುಳ್ಳ ಅಧಿಕಾರ. ಜಿಲ್ಲೆಯ ಸೆರೆಮನೆಯನ್ನು ನೋಡಿಕೊಳ್ಳುವುದು, ನ್ಯಾಯಾಲಯದ ಆಜ್ಞೆಗಳನ್ನು ಜಾರಿ ಮಾಡುವುದು, ಹಳ್ಳಿಗಳ ಶಾಂತಿಯನ್ನು ಕಾಯುವುದು ಬಹುಮಟ್ಟಿಗೆ ಅವನ ಕೆಲಸ. ಇದಕ್ಕೆ ನಿಲ್ಲತಕ್ಕವನ ಅರ್ಹತೆಯನ್ನು ಒಂದೊಂದು ಸಂಸ್ಥಾನವು ಒಂದೊಂದು ಬಗೆಯಾಗಿ ಗೊತ್ತುಮಾಡಿರುವುದು. ಜಾರ್ಜಿಯಾದಲ್ಲಿ ಅವನಿಗೆ 25 ವರ್ಷ ತುಂಬಿರಬೇಕು, ಎರಡು ವರ್ಷಗಳಿಂದ ಆ ಜಿಲ್ಲೆಯಲ್ಲಿ ವಾಸವಾಗಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಪ್ರೌಢಶಾಲೆಯನ್ನು ಮುಗಿಸಿರಬೇಕು, ಘೋರ ಅಪರಾಧದಲ್ಲಿ ಶಿಕ್ಷೆ ಹೊಂದಿರಬಾರದು. ಬೆರಳಿನ ಗುರುತನ್ನು ಕೊಟ್ಟು ತಾನು ಶುದ್ಧನೆಂದು ತೋರಿಸಬೇಕು. ಅಪರಾಧಿಗಳ ಬೆರಳಚ್ಚು ತೆಗೆಯುವವನು ಮೊದಲು ತನ್ನ ಬೆರಳಿಗೆ ಮಸಿ ಹಚ್ಚಿಕೊಳ್ಳಬೇಕೆಂಬ ಈ ನಿಯಮವು ನಮಗೆ ಬಹಳ ಹಿಡಿಸಿತು.

ಇನ್ನು ನಮ್ಮೂರಿನ ಮಾತು. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ನಾಡು 1948ರ ಸಪ್ಟಂಬರದ ವರೆಗೆ ನಿಜಾಮರ ಆಳಿಕೆಯಲ್ಲಿತ್ತೆಂಬುದು ಎಲ್ಲರಿಗೂ ತಿಳಿದುದೇ. ಆ ಸಂಸ್ಥಾನದ ಹಳ್ಳಿಗಳಲ್ಲಿ ಮೂವರು ವತನದಾರರಿದ್ದರು: ಶಾಂತಿಪಾಲನೆಗೆ ಪೋಲೀಸ ಪಾಟೀಲ, ಕಂದಾಯದ ವಸೂಲಿಗೆ ಮಾಲಿ ಪಾಟೀಲ, ಲೆಕ್ಕಪತ್ರಕ್ಕೆ ಪಟವಾರಿ. ಊರಲ್ಲಿ ಕಳವಾದರೆ, ಹೊಡೆದಾಟವಾದರೆ, ಬಾವಿಯಲ್ಲಿ ಹೆಣ ತೇಲಿದರೆ ಪೋಲೀಸ ಗೌಡನು ಚಾವಡಿಯಲ್ಲಿ ಕುಳಿತು ವಿಚಾರಿಸಿ, ತಳವಾರನನ್ನು ಠಾಣೆಯ ಅಮೀನರ ಕಡೆಗೆ ಅಟ್ಟಬೇಕು. ಹೊಸಬರು ಊರಿಗೆ ಬಂದರೆ ಅವರಾರೆಂಬುದು ಅವನಿಗೆ ಗೊತ್ತಿರಬೇಕು. ಅಳಿಯನು ಕೇಳಿದ ಶೆರೀಫನು ನಮ್ಮಲ್ಲಿ ಇದ್ದನೆನ್ನುವುದಾದರೆ ಇವನೇ ಅವನು.

ಆದರೆ ಇವನನ್ನು ಯಾರೂ ಆರಿಸುತ್ತಿರಲಿಲ್ಲ. ಅವನಿಂದ ಬೇಡುತ್ತಿದ್ದ ಅರ್ಹತೆಯು ಮುಖ್ಯವಾಗಿ ಒಂದೇ: ಆ ಮನೆಯಲ್ಲಿ ಹುಟ್ಟಿರುವುದು. ವಾರಸುದಾರನು ಇನ್ನೂ ಎಳೆಯನಾಗಿದ್ದರೆ, ಅಥವಾ ವತನವು ಹೆಣ್ಣುಮಗಳ ಪಾಲಿಗೆ ಬಂದರೆ, ಅವರ ಪರವಾಗಿ ಗುಮಾಸ್ತನೊಬ್ಬನು ಚಾವಡಿಯ ಕೆಲಸವನ್ನು ನಡೆಸುವನು. ದಫ್ತರದಲ್ಲಿ ಹೆಸರು ಒಬ್ಬರದು, ಊರಲ್ಲಿ ದರ್ಬಾರು ಮತ್ತೊಬ್ಬರದು. ಹಿರಿಯರು ಹೇಳುತ್ತಿದ್ದ ಚಾವಡಿಯ ಕತೆಗಳಲ್ಲಿ ಜನರು ಗೌಡನಿಗಿಂತ ಗುಮಾಸ್ತನಿಗೇ ಹೆಚ್ಚು ಅಂಜುತ್ತಿದ್ದರು. ಗೌಡನಾದರೆ ನಾಳೆಯೂ ಅದೇ ಊರಲ್ಲಿ ಬಾಳತಕ್ಕವನು, ತಾತ ಮುತ್ತಾತರ ಹೆಸರಿಗಾದರೂ ನಾಚತಕ್ಕವನು. ಗುಮಾಸ್ತನಿಗೆ ಆ ಹಂಗೇ ಇರಲಿಲ್ಲ. ಈ ಗುಮಾಸ್ತನನ್ನು ವಾಚಕರು ನೆನಪಿನಲ್ಲಿಡಬೇಕು. ಅವನ ಸಂಗತಿ ಮುಂದೆ ಬರಲಿದೆ.

1956ರ ನವೆಂಬರ 1ರಂದು ರಾಯಚೂರು ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕುವ ಕಾನೂನು ಹುಟ್ಟಿ, 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಅಂದಿಗೆ ಗೌಡಿಕೆ ಮುಗಿಯಿತು. ಪರಂತು ಹೆಸರು ಅಳಿಯಲಿಲ್ಲ; ಪೋಲೀಸ ಪಾಟೀಲ, ಮಾಲಿಪಾಟೀಲ ಎಂಬ ಅಡ್ಡಹೆಸರುಗಳು ನಮ್ಮ ಜಿಲ್ಲೆಯ ಶಾಲೆಗಳ ಹಾಜರಿ ಪುಸ್ತಕದಲ್ಲಿ ಇಂದಿಗೂ ಕೂಗಲ್ಪಡುತ್ತವೆ. ಗಡಿಯಾಚೆ ಅಕ್ಕಲಕೋಟೆ, ಜತ್ತ ತಾಲೂಕುಗಳ ಕನ್ನಡ ಹಳ್ಳಿಗಳಲ್ಲಿ ಹುದ್ದೆಯೇ ಉಳಿದಿದೆ. ಮಹಾರಾಷ್ಟ್ರವು 1967ರ ಕಾನೂನಿನಿಂದ ಅದರ ವಂಶದ ಗಂಟನ್ನು ಕಡಿದು, 25ರಿಂದ 45 ವರ್ಷದೊಳಗಿನ ಸ್ಥಳೀಕರೊಳಗಿಂದ ಪೋಲೀಸ ಪಾಟೀಲರನ್ನು ಸರಕಾರವೇ ನೇಮಿಸುವ ಪದ್ಧತಿಯನ್ನು ಇಟ್ಟುಕೊಂಡಿತು. ಈಚಿನ ನೇಮಕಗಳಲ್ಲಿ ಹತ್ತನೆಯ ಇಯತ್ತೆ ಪಾಸಾಗಿರಬೇಕೆಂಬ ನಿಯಮವೂ ಇದೆ.

ನಮ್ಮಲ್ಲಿ ಪೋಲೀಸ ಕೆಲಸವು ಪೂರಾ ಠಾಣೆಗೆ ಹೋಯಿತು. ಊರ ಯಜಮಾನಿಕೆಯು ಮಾತ್ರ ಚಾವಡಿಯಿಂದ ಪಂಚಾಯತಿಯ ಕಟ್ಟಡಕ್ಕೆ ಸರಿಯಿತು. ನೀರು, ದೀಪ, ಚರಂಡಿ, ಮನೆಯ ಮಂಜೂರಾತಿ, ಕೂಲಿಯ ಕೆಲಸ ಇವುಗಳಿಗಾಗಿ ಇಂದು ಜನರು ಕಾಯುವುದು ಆ ಕಟ್ಟಡದ ಮುಂದೆಯೇ. ಅಲ್ಲಿ ಸದಸ್ಯರಾಗಲು ಕರ್ನಾಟಕದ 1993ರ ಪಂಚಾಯತಿ ಕಾನೂನು ಬೇಡುವುದೇನು? 21 ವರ್ಷ ತುಂಬಿರಬೇಕು. ಆ ಪಂಚಾಯತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಸರಕಾರಿ ನೌಕರನು ನಿಲ್ಲಕೂಡದು. ಪಂಚಾಯತಿಯ ಗುತ್ತಿಗೆಯಲ್ಲಿ ಪಾಲುಳ್ಳವನು, ಪಂಚಾಯತಿಗೆ ಬಾಕಿ ಉಳಿಸಿಕೊಂಡು ನೋಟೀಸು ಬಂದರೂ ಕಟ್ಟದವನು, ಮನೆಯವರ ಉಪಯೋಗಕ್ಕೆ ನಿರ್ಮಲವಾದ ಶೌಚಾಲಯವಿಲ್ಲದವನು ಅನರ್ಹರು. ಓದಿನ ವಿಷಯವಾಗಿ ಕಾನೂನು ಒಂದು ಅಕ್ಷರವನ್ನೂ ಕೇಳುವುದಿಲ್ಲ. ಸುಮಾರು ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲು.

ಈ ಕೊನೆಯ ಮಾತಿನಿಂದಲೇ ಪ್ರಶ್ನೆಯು ನಮ್ಮ ಹೊಸ್ತಿಲಿಗೆ ಬಂದದ್ದು. ಮುಂಬರುವ ಚುನಾವಣೆಯಲ್ಲಿ ನಮ್ಮ ಓಣಿಯ ಸ್ಥಾನವು ಹೆಂಗಸರಿಗೆ ಮೀಸಲಾದೀತೆಂಬ ಸುದ್ದಿ ಹಬ್ಬಿ, ಓಣಿಯ ನಾಲ್ಕು ಜನ ಬಂದು ನಮ್ಮ ಕಿರಿಯ ಸೊಸೆಯನ್ನು ನಿಲ್ಲಿಸಬೇಕೆಂದು ಕೇಳಿದರು. ಅವಳು ಸಂಘದ ಹೆಂಗಸರ ಹಣದ ಪುಸ್ತಕವನ್ನು ಆರು ವರ್ಷಗಳಿಂದ ಬರೆಯುತ್ತಿರುವಳು; ಒಂದು ರೂಪಾಯಿಯ ತಂಟೆ ಬಂದಿಲ್ಲ. ಓದಿರುವುದು ಏಳನೆಯ ಇಯತ್ತೆ. ನಮ್ಮ ಹಿರಿಯ ಮಗನಿಗೆ ಈ ಮಾತು ಬಹಳ ಹಿತವಾಯಿತು. "ನಿಲ್ಲಲಿ ಬಿಡ್ರಿ ಅಪ್ಪಾರ, ಹೆಸರು ಅಕೀದು, ಕೆಲಸ ನಾವು ನೋಡ್ಕೋತೀವಿ" ಎಂದನು. ಬಾಗಿಲ ಹಿಂದೆ ನಿಂತಿದ್ದ ಸೊಸೆಯು ನಮ್ಮನ್ನು ಉದ್ದೇಶಿಸಿ, "ಮಾವಾರ, ಹಂಗಿದ್ರ ನಾ ಒಲ್ಲೆ. ನಾ ನಿಂತ್ರ ಕುರ್ಚಿ ಮ್ಯಾಲೆ ನಾನ ಕುಂದ್ರಾಕಿ" ಎಂದಳು. ಮದುವೆಯಾಗಿ ಬಂದ ಹನ್ನೊಂದು ವರ್ಷಗಳಲ್ಲಿ ಅವಳು ಭಾವನ ಎದುರಿಗೆ ಅಷ್ಟು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಆ ರಾತ್ರಿ ಮನೆಯಲ್ಲಿ ಊಟವು ಮೌನವಾಗಿಯೇ ನಡೆಯಿತೆಂದು ಬೇರೆ ಹೇಳಬೇಕಾಗಿಲ್ಲ.

ಮರುದಿನ ಹಿರಿಯವನು ಬೇರೊಂದು ತಕರಾರು ತೆಗೆದನು: ಏಳನೆಯ ಇಯತ್ತೆ ಕಲಿತವಳಿಗೆ ಕಾಗದಪತ್ರ ಹೇಗೆ ತಿಳಿದೀತು, ಇಂಥ ಜಾಗಕ್ಕೆ ಓದಿದವರೇ ಬೇಡವೆ ಎಂದು. ಈ ವಾದವು ಅವನೊಬ್ಬನದೇ ಅಲ್ಲ. ಹರಿಯಾಣಾ ರಾಜ್ಯವು 2015ರಲ್ಲಿ ಇದನ್ನು ಕಾನೂನಾಗಿಯೇ ಮಾಡಿತು. ಸಾಮಾನ್ಯವಾಗಿ ಹತ್ತನೆಯ ತರಗತಿ, ಸ್ತ್ರೀಯರಿಗೂ ಪರಿಶಿಷ್ಟ ಜಾತಿಯ ಪುರುಷರಿಗೂ ಎಂಟನೆಯದು, ಪರಿಶಿಷ್ಟ ಜಾತಿಯ ಸ್ತ್ರೀಯರಿಗೆ ಪಂಚ ಸ್ಥಾನಕ್ಕೆ ಐದನೆಯದು ಪಾಸಾಗಿರಬೇಕೆಂದು ಗೊತ್ತುಮಾಡಿತು. ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಡಿಸೆಂಬರದಲ್ಲಿ ಅದನ್ನು ಎತ್ತಿಹಿಡಿಯಿತು. ರಾಜಸ್ಥಾನವೂ 2014ರ ಕೊನೆಗೆ ಅಂಥದೇ ನಿಯಮವನ್ನು ತಂದು, 2019ರಲ್ಲಿ ತಾನೇ ಹಿಂದೆಗೆದುಕೊಂಡಿತು. ನ್ಯಾಯಾಲಯದ ತೀರ್ಪಿಗೆ ನಾವು ತಲೆಬಾಗುತ್ತೇವೆ. ಆದರೆ ನಮ್ಮ ಮನಸ್ಸು ಒಪ್ಪುವುದಿಲ್ಲ. ಹೆಣ್ಣುಮಗುವನ್ನು ಏಳನೆಯ ಇಯತ್ತೆಗೇ ಶಾಲೆಯಿಂದ ಬಿಡಿಸಿದವರು ಯಾರು? ಹಿರಿಯ ಶಾಲೆಯು ನಾಲ್ಕು ಮೈಲು ದೂರ, ಮನೆಯಲ್ಲಿ ತಮ್ಮಂದಿರನ್ನು ಎತ್ತಿಕೊಳ್ಳುವವರಿಲ್ಲ ಎಂದು ಬಿಡಿಸಿದ ನಾವುಗಳೇ ಮುಂದೆ ಬಂದು, ನೀನು ಓದಿಲ್ಲ, ಆದುದರಿಂದ ಅನರ್ಹಳು ಎಂದರೆ, ಕೈಕಟ್ಟಿ ಹಾಕಿ ಈಜಲಾರೆಯೆಂದು ಜರೆದಂತಾಗುವುದು. ಕಾಗದವನ್ನು ಓದಿ ಹೇಳುವುದಕ್ಕೆ ಪಂಚಾಯತಿಯಲ್ಲಿ ಸಂಬಳದ ಅಧಿಕಾರಿಗಳಿದ್ದಾರೆ. ಯಾರ ಗುಡಿಸಲಿಗೆ ಮಳೆಯ ನೀರು ನುಗ್ಗುತ್ತದೆಂದು ಬಲ್ಲವರೇ ಅಲ್ಲಿ ದುರ್ಲಭ.

ಅರ್ಹತೆಯ ಪಟ್ಟಿಗಳು ಹೊಸವಲ್ಲ. ತಮಿಳುನಾಡಿನ ಉತ್ತರಮೇರೂರಿನ ಗುಡಿಯ ಗೋಡೆಯಲ್ಲಿ ಚೋಳರ ಪರಾಂತಕನ ಕಾಲದ, ಸುಮಾರು 920ರ ಶಾಸನವಿದೆ. ಊರಿನ ಸಮಿತಿಗಳಿಗೆ ಬರುವವನಿಗೆ 35ಕ್ಕೆ ಮೇಲೆ, 70ಕ್ಕೆ ಒಳಗೆ ವಯಸ್ಸಿರಬೇಕು. ತೆರಿಗೆ ಕೊಡುವ ಸ್ವಂತ ಭೂಮಿಯೂ ಸ್ವಂತ ನಿವೇಶನದಲ್ಲಿ ಮನೆಯೂ ಇರಬೇಕು. ವೇದವನ್ನು ಬಲ್ಲವನಾಗಿರಬೇಕು ಎಂದು ಅದು ಹೇಳುತ್ತದೆ. ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದಲ್ಲಿ ಹಾಕಿ, ಬಾಲಕನೊಬ್ಬನ ಕೈಯಿಂದ ತೆಗೆಸುತ್ತಿದ್ದರು. ಅದರಲ್ಲಿಯ ಒಂದು ನಿಯಮವಂತೂ ಇಂದಿಗೂ ಬೇಕಾದದ್ದು: ಹಿಂದೆ ಅಧಿಕಾರದಲ್ಲಿದ್ದು ಲೆಕ್ಕವನ್ನು ಒಪ್ಪಿಸದವನೂ ಅವನ ಹತ್ತಿರದ ಬಂಧುಗಳೂ ಅನರ್ಹರು! ಬಂಧುಗಳನ್ನೂ ಸೇರಿಸಿದ ಆ ಜಾಣತನಕ್ಕೆ ನಾವು ಮೆಚ್ಚಿದೆವು. ಹೆಸರು ಬದಲಿಸಿಕೊಂಡು ಅದೇ ಕೈ ಮತ್ತೆ ಬೊಕ್ಕಸಕ್ಕೆ ಬಾರದಿರಲೆಂದಲ್ಲವೆ ಅದು? ಆದರೆ ಭೂಮಿ, ಮನೆ, ವೇದ ಎಂಬ ಮೂರು ಬೇಲಿಗಳ ಹೊರಗೆ ಊರಿನ ಎಷ್ಟು ಜನರು ನಿಂತಿರಬಹುದು!

ಅದೇ ಶತಮಾನದ ಆದಿಯಲ್ಲಿಯೇ ನಮ್ಮ ಕನ್ನಡ ನಾಡಿನಲ್ಲಿ ನಡೆದ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನು ತೀರಿಕೊಳ್ಳಲು, ಆ ಗಾವುಂಡತನವು ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂದಿತು. ಇಂದಿನ ಶಿವಮೊಗ್ಗ ಜಿಲ್ಲೆಯ ಬಂದಳಿಕೆಯಲ್ಲಿ ಅವಳ ಶಾಸನವಿದೆ. ಅವಳು ಗಂಡನ ಹೆಸರಿನಿಂದ ಪದವಿಗೆ ಬಂದವಳೆಂಬುದು ನಿಜ. ಆದರೆ ಆಳಿದ್ದು ಅವಳೇ. ಆಡಳಿತದಲ್ಲಿ ಅವಳಿಗಿದ್ದ ಸಾಮರ್ಥ್ಯವನ್ನು ಶಾಸನವು ಕೊಂಡಾಡುತ್ತದೆ. ವ್ಯಾಧಿಯು ಮೈಗೂಡಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತದಿಂದ ದೇಹವನ್ನು ಬಿಟ್ಟಳು. ಗುಮಾಸ್ತನ ಸುಳಿವು ಆ ಕಲ್ಲಿನಲ್ಲಿಲ್ಲ.

ಗುಮಾಸ್ತನು ಇಂದು ಎಲ್ಲಿದ್ದಾನೆ? ವತನ ಹೋದರೂ ಅವನು ಹೋಗಿಲ್ಲ. ಸದಸ್ಯೆಯ ಗಂಡನಾಗಿ, ಭಾವನಾಗಿ, ಮಾವನಾಗಿ ಅವನು ಸಭೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿರುತ್ತಾನೆ. ಸಹಿಗೆ ಪುಸ್ತಕವು ಅಡಿಗೆಮನೆಗೆ ಹೋಗಿಬರುತ್ತದೆ. ಇದು ಒಂದೂರಿನ ಮಾತಲ್ಲ. ಈ ರೋಗದ ವಿಚಾರಕ್ಕಾಗಿ ಕೇಂದ್ರ ಸರಕಾರವು 2023ರಲ್ಲಿ ಸಮಿತಿಯೊಂದನ್ನು ನೇಮಿಸಿತು. 2025ರಲ್ಲಿ ಬಂದ ಅದರ ವರದಿಯು ಹಾಗೆ ಹಿಂದಿನಿಂದ ಆಳುವವರಿಗೆ ತಕ್ಕ ದಂಡನೆಯಾಗಬೇಕೆಂದು ಸೂಚಿಸಿತು. ದಂಡನೆಯಾಗಲಿ. ಆದರೆ ವಯಸ್ಸು, ಪಟ್ಟಿ, ಬಾಕಿ, ಶೌಚಾಲಯ ಇವುಗಳನ್ನೆಲ್ಲ ಪರೀಕ್ಷಿಸುವ ಚುನಾವಣಾಧಿಕಾರಿಗೆ, ನಾಮಪತ್ರದ ಹಿಂದೆ ಯಾರು ನಿಂತಿರುವರೆಂದು ಕಾಣಿಸುವುದು ಹೇಗೆ? ಅದು ಕಾಣಿಸುವುದು ಆ ಮನೆಯ ಯಜಮಾನನಿಗೆ ಮಾತ್ರ. 2020ರ ಡಿಸೆಂಬರದ ಚುನಾವಣೆಯಲ್ಲಿ ಕೆಲವು ಊರುಗಳು ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ನಾವೆಲ್ಲ ಛೀ ಎಂದೆವಷ್ಟೆ. ಮನೆಯೊಳಗೆ ಸೊಸೆಯ ಹೆಸರನ್ನು ಕಡ ತೆಗೆದುಕೊಳ್ಳುವುದು ಅದಕ್ಕಿಂತ ಎಷ್ಟು ಹೆಚ್ಚಿನದು?

ಹೀಗಿರಲು ನಾವು ಹಿರಿಯ ಮಗನನ್ನು ಕರೆದು ನಮ್ಮ ತೀರ್ಮಾನವನ್ನು ತಿಳಿಸಿದೆವು: ಅವಳು ನಿಂತರೆ ಅವಳೇ ನಿಲ್ಲತಕ್ಕದ್ದು, ಸಭೆಯ ದಿನ ಈ ಮನೆಯ ಗಂಡಸರು ಯಾರೂ ಆ ಕಟ್ಟಡದ ಮೆಟ್ಟಿಲು ಹತ್ತತಕ್ಕದ್ದಲ್ಲ. ಅವನು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಕಿರಿಯ ಮಗನು ಹೂಂ ಎಂದಿರುವನು; ಆದರೆ ಅವನು ಎಲ್ಲದಕ್ಕೂ ಹೂಂ ಎನ್ನುವವನೇ.

ಇಷ್ಟಾದ ಮೇಲೆ ನಿಜವಾದ ತೊಡಕು ಕಂಡಿತು. ಸೊಸೆಯು ತಾನಾಗಿಯೇ ಹೋಗಿ ಪಟ್ಟಿಯನ್ನು ತೆಗೆಸಿ ನೋಡಲಾಗಿ, ಅವಳ ಹೆಸರು ನಮ್ಮೂರಿನಲ್ಲಿ ಇರಲೇ ಇಲ್ಲ. ಮಾನ್ವಿ ತಾಲೂಕಿನ ಅವಳ ತವರೂರಿನ ಪಟ್ಟಿಯಲ್ಲಿಯೇ ಉಳಿದಿತ್ತು. ಹಬ್ಬಕ್ಕೆ ಹೋದಂತೆ ಪ್ರತಿ ಸಲವೂ ಓಟಿಗೂ ತವರಿಗೇ ಹೋಗಿಬರುತ್ತಿದ್ದಳು; ಯಾರಿಗೂ ಅದೊಂದು ಕೊರತೆಯಾಗಿ ತೋರಿರಲಿಲ್ಲ. ಇಂಥ ಸೊಸೆಯಂದಿರು ಪ್ರತಿ ಓಣಿಯಲ್ಲಿಯೂ ಇರಬಹುದಾದುದರಿಂದ ಹೇಳುತ್ತೇವೆ: ವಾಸಸ್ಥಳ ಬದಲಾದವರು 8ನೆಯ ನಮೂನೆಯ ಅರ್ಜಿಯನ್ನು ತುಂಬಿಕೊಟ್ಟರೆ ಹೆಸರು ಹೊಸ ಊರಿನ ಪಟ್ಟಿಗೆ ಬರುತ್ತದೆ. ವಿಧಾನಸಭೆಯ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಪಂಚಾಯತಿಯ ಪಟ್ಟಿಯನ್ನು ಮಾಡುವುದರಿಂದ, ಚುನಾವಣೆಯ ದಿನ ಗೊತ್ತಾಗುವ ವರೆಗೆ ಕಾಯದೆ ಈಗಲೇ ಕೊಡುವುದು ಮೇಲು. ಮನೆಪಟ್ಟಿಯ ತೆರಿಗೆಯ ಬಾಕಿ ಎರಡು ವರ್ಷದ್ದಿತ್ತು. ಅದನ್ನು ಕಟ್ಟಿ ರಸೀದಿಯನ್ನು ಅವಳ ಕೈಗೇ ಕೊಟ್ಟೆವು. ಹಿತ್ತಲಲ್ಲಿರುವ ಶೌಚಾಲಯದ ಬಾಗಿಲಿಗೆ ಒಳಗಿನ ಅಗಳಿ ಮುರಿದು ಬಹುದಿನಗಳಾಗಿದ್ದವು. ಬಡಿಗನು ಬಂದು ಹೊಸದನ್ನು ಹಾಕಿಹೋಗಿದ್ದಾನೆ. ಅರ್ಜಿಯನ್ನು ಅವಳೇ ತುಂಬಿದಳು. ಗಂಡನ ಹೆಸರಿನ ಜಾಗವನ್ನು ಬರೆದು, ತನ್ನ ಹೆಸರನ್ನು ದೊಡ್ಡ ಅಕ್ಷರಗಳಿಂದ ಬರೆದು, ಸಹಿಯ ಮಸಿ ಆರುವ ತನಕ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದಳು.