ಈಗ ಏನು ಓದುತ್ತಿದ್ದೀರಿ?

ಕುಶಲಪ್ರಶ್ನೆಯಲ್ಲಿ ಆಯಾ ಸೀಮೆಯ ಗುಣ ಕಾಣುತ್ತದೆ. ನಮ್ಮ ಸೇಡಂ, ಚಿತ್ತಾಪುರದ ಕಡೆ ಇಬ್ಬರು ಎದುರಾದರೆ ಮೊದಲು ಊಟದ ಮಾತು, ಆಮೇಲೆ ಮಳೆಯದು, ಅದರ ಬೆನ್ನಿಗೇ ತೊಗರಿಯ ಧಾರಣೆ. ಮೂರೂ ಮುಗಿದರೂ ಬಸ್ಸು ಬಾರದಿದ್ದರೆ ಮಕ್ಕಳ ಮದುವೆಯ ವಿಚಾರ. ಇವಕ್ಕೆಲ್ಲ ನಾವು ಧಾರಾಳವಾಗಿ ಉತ್ತರ ಕೊಡುತ್ತೇವೆ. ಆದರೆ "ಈಗ ಏನು ಓದುತ್ತಿದ್ದೀರಿ?" ಎಂದು ಯಾರಾದರೂ ಕೇಳಲಿ, ಸಾಲ ಕೊಟ್ಟವನು ಸಂತೆಯಲ್ಲಿ ಎದುರಾದಂತೆ ತಬ್ಬಿಬ್ಬಾಗುತ್ತೇವೆ.

ಈ ಪ್ರಶ್ನೆಗೆ ಉತ್ತರ ಕೊಡುವವರಲ್ಲಿ ಮೂರು ಪಂಗಡಗಳುಂಟು. "ಪುರುಸೊತ್ತೆಲ್ಲಿದೆ ಸ್ವಾಮಿ?" ಎಂದು ಮರುಪ್ರಶ್ನೆ ಹಾಕುವವರು ಮೊದಲನೆಯವರು. ಇವರು ಪ್ರಾಮಾಣಿಕರು. ಎರಡನೆಯವರು ತಾವು ಓದುತ್ತಿರುವ ಪುಸ್ತಕದ ಹೆಸರು ಹೇಳುವುದಿಲ್ಲ, ಓದುತ್ತಿರಬೇಕಾದ ಪುಸ್ತಕದ ಹೆಸರು ಹೇಳುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಇಂಥವರ ಸಂಖ್ಯೆ ಇದ್ದಕ್ಕಿದ್ದಂತೆ ಹೆಚ್ಚಿತು. ಅವರನ್ನು ಹೀಗಳೆಯಬೇಕಾಗಿಲ್ಲ. ಸುಳ್ಳಿಗಾದರೂ ಪುಸ್ತಕದ ಹೆಸರು ಹೇಳಿ ಮರ್ಯಾದೆ ಗಳಿಸಬಹುದಾದ ಊರು ಇನ್ನೂ ಪೂರ್ತಿ ಕೆಟ್ಟಿಲ್ಲವೆಂದೇ ಅರ್ಥ. ಮೂರನೆಯವರು ಮಾತ್ರ ಅಪಾಯದ ಜನ. ಅವರು ಕೇಳಿದ ಕೂಡಲೇ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಥೆ ಹೇಳಿ, "ನೀವೂ ಅವಶ್ಯ ಓದಿ" ಎಂದು ಬೀಳ್ಕೊಡುತ್ತಾರೆ. ಓದಲು ಇನ್ನೇನು ಉಳಿದಿದೆಯೋ ದೇವರೇ ಬಲ್ಲ!

ನಾನು ನೌಕರಿಯಲ್ಲಿದ್ದಾಗ ಸೇಡಂನಿಂದ ಕಲಬುರಗಿಗೆ ಹಲವು ವರ್ಷ ರೈಲಿನಲ್ಲಿ ಓಡಾಡಿದವನು. ಮಳಖೇಡ ರೋಡ್, ಚಿತ್ತಾಪುರ, ವಾಡಿ, ಶಹಾಬಾದ ಎಂದು ನಿಲ್ದಾಣಗಳು ಜಪಮಾಲೆಯ ಮಣಿಗಳಂತೆ ಬರುತ್ತವೆ. ನಿಜಾಮರ ರೈಲು 1874ರಲ್ಲಿ ವಾಡಿಯಿಂದ ಹೈದರಾಬಾದಿನತ್ತ ಹೊರಟಿತು. ಅಂದಿನಿಂದ ಇಂದಿನವರೆಗೆ ವಾಡಿ ಜಂಕ್ಷನ್ನಿನಲ್ಲಿ ಜನ ಕಳೆದ ಹೊತ್ತನ್ನು ಕೂಡಿಸಿದರೆ ಎಷ್ಟು ಯುಗಗಳಾದಾವೋ! ಆ ಹೊತ್ತಿನಲ್ಲಿ ಕೆಲವರು ಇಸ್ಪೀಟು ಕಲಿತರು, ಕೆಲವರು ರಾಜಕೀಯ ಕಲಿತರು. ನಮ್ಮ ಡಬ್ಬಿಯ ಐದು ಜನ ಓದುವುದನ್ನು ಕಲಿತೆವು.

ಐವರಲ್ಲಿ ಒಬ್ಬರು ಚಿತ್ತಾಪುರದ ಕನ್ನಡ ಮಾಸ್ತರರು. ಇನ್ನೊಬ್ಬ ವಾಡಿಯ ಸಿಮೆಂಟು ಕಾರ್ಖಾನೆಯ ಫಿಟ್ಟರು. ಮೂರನೆಯವರು ಶಹಾಬಾದದಲ್ಲಿ ಫರಸಿ ಕಲ್ಲಿನ ವ್ಯಾಪಾರದ ಲೆಕ್ಕ ಬರೆಯುವವರು. ನಾಲ್ಕನೆಯವರು ಚಿಂಚೋಳಿ ತವರಿನ ಅಕ್ಕೋರು. ಸೇಡಂನಲ್ಲಿ ಮನೆ, ಶಹಾಬಾದದ ಉರ್ದು ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಕೆಲಸ. ಐದನೆಯವನು ನಾನು. ನಮ್ಮದು ಸಂಘವಲ್ಲ, ಅದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಆದ್ದರಿಂದ ಜಗಳವೂ ಇಲ್ಲ. ಇದ್ದುದು ಮಾಸ್ತರರು ಹಾಕಿಕೊಟ್ಟ ಒಂದೇ ಕಟ್ಟಳೆ: ಓದಿ ಮುಗಿಸಿದ ಪುಸ್ತಕದ ಮಾತು ಎತ್ತಕೂಡದು, ಕೈಯಲ್ಲಿರುವುದನ್ನು ಕುರಿತೇ ಮಾತಾಡಬೇಕು.

ಈ ಕಟ್ಟಳೆ ಮೊದಲು ನನಗೆ ವಿಚಿತ್ರವೆನಿಸಿತ್ತು. ಪೂರ್ತಿ ಓದದೆ ಅಭಿಪ್ರಾಯ ಹೇಳುವುದು ಸರಿಯೇ? ಆದರೆ ದಿನ ಕಳೆದಂತೆ ಅದರ ಮರ್ಮ ತಿಳಿಯಿತು. ಓದಿ ಮುಗಿಸಿದವನು ತೀರ್ಪು ಕೊಡುತ್ತಾನೆ. ತೀರ್ಪಿನ ಮೇಲೆ ಮೇಲ್ಮನವಿ ಮಾಡಬಹುದೇ ಹೊರತು ಹರಟೆ ಹೊಡೆಯಲು ಬರುವುದಿಲ್ಲ. ಅರ್ಧ ಓದಿದವನಿಗೆ ಸಂಶಯಗಳಿರುತ್ತವೆ, ಸಿಟ್ಟಿರುತ್ತದೆ, ಮುಂದೇನೆಂಬ ಆಸೆ ಇರುತ್ತದೆ. ಅವನ ಜೊತೆ ಕುಳಿತವರಿಗೂ ಅದರಲ್ಲಿ ಪಾಲು ಸಿಗುತ್ತದೆ.

ಲೆಕ್ಕದವರು ಭೈರಪ್ಪನವರ 'ಪರ್ವ'ವನ್ನು ಹಿಡಿದಿದ್ದರು. 1979ರ ಆ ಕಾದಂಬರಿಯ ಬಗ್ಗೆ ಪಂಡಿತರು ಬರೆದದ್ದು ಒಂದು ಕಪಾಟು ತುಂಬೀತು. ನಮ್ಮವರು ಹೇಳಿದ್ದು ಇಷ್ಟು: "ಅಲ್ರಿ, ಯುದ್ಧದಾಗ ಅಷ್ಟು ಮಂದಿಗಿ ರೊಟ್ಟಿ ಯಾರು ಬಡೀತಿದ್ರು ಅಂತ ನಾ ಸಣ್ಣವ ಇದ್ದಾಗಿಂದ ಕೇಳ್ಕೋತ ಬಂದೀನಿ. ಪುರಾಣ ಹೇಳೋರು ಒಬ್ಬರೂ ಉತ್ತರ ಕೊಡ್ಲಿಲ್ಲ. ಇವ್ರು ವಿಚಾರ ಮಾಡ್ಯಾರ ನೋಡ್ರಿ!" ಜೀವನವೆಲ್ಲ ಜಮಾ-ಖರ್ಚು ಬರೆದವರಿಗೆ ಕುರುಕ್ಷೇತ್ರದ ಖರ್ಚಿನ ಬಾಬ್ತು ಕಂಡಿತು. ನನಗೆ ಕಂಡಿರಲಿಲ್ಲ.

ಫಿಟ್ಟರನ ಪಾಲಿಗೆ ಬಂದದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. "ಸರ, ಈ ಪುಸ್ತಕದಾಗ ಮಳಿ ನಿಂದ್ರಂಗೇ ಇಲ್ಲ. ನೂರು ಪುಟ ಓದೋದ್ರಾಗ ಅಂಗಿ ಹಸಿ ಆದಂಗ ಆಗ್ತದ" ಎಂದು ಶುರುಮಾಡಿದ. ಮೇ ತಿಂಗಳ ಬಿಸಿಲಲ್ಲಿ ವಾಡಿಯ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಆ ಮಾತು ಕೇಳುವುದೇ ಒಂದು ಸುಖ. ಕ್ರಮೇಣ ಅವನ ಮನಸ್ಸು ಮನುಷ್ಯರನ್ನೆಲ್ಲ ಬಿಟ್ಟು ನಾಯಿಗುತ್ತಿಯ ನಾಯಿ ಹುಲಿಯನ ಮೇಲೆ ನಿಂತಿತು. ದಿನವೂ ಅದರದೇ ವರ್ತಮಾನ. ಆ ನಾಯಿಗೆ ಕೊನೆಯಲ್ಲಿ ಏನಾಗುತ್ತದೆಂಬುದನ್ನು ಓದಿದವರು ಬಲ್ಲರು; ಓದದವರಿಗೆ ನಾನು ಹೇಳಲಾರೆ. ಮಾಸ್ತರರು ಬಲ್ಲವರು. ಮೂರು ವಾರ ಬಾಯಿ ಬಿಗಿಹಿಡಿದು ಕೇಳುತ್ತ ಕುಳಿತರು. ಒಂದು ದಿನ ಫಿಟ್ಟರ ಬಂದು ಮಾತಿಲ್ಲದೆ ಕೂತ. ಸೂಲೆಹಳ್ಳಿ ದಾಟಿದ ಮೇಲೆ, "ಮಾಸ್ತರ, ನಿಮಗ ಗೊತ್ತಿತ್ತಲ್ಲ, ಯಾಕ ಹೇಳ್ಲಿಲ್ಲ?" ಎಂದ. "ಹೇಳಿದ್ರ ನಿನಗ ಸುದ್ದಿ ಗೊತ್ತಾಗ್ತಿತ್ತು. ನಾಯಿ ಗೊತ್ತಾಗ್ತಿದ್ದಿಲ್ಲ" ಎಂದರು ಮಾಸ್ತರರು. ವಿಮರ್ಶೆಯ ದೊಡ್ಡ ಗ್ರಂಥಗಳಲ್ಲಿಯೂ ನಾನು ಇದಕ್ಕಿಂತ ಹೆಚ್ಚಿನದನ್ನು ಓದಿಲ್ಲ.

ಅಕ್ಕೋರು ಓದುತ್ತಿದ್ದುದು ನಮ್ಮ ಜಿಲ್ಲೆಯವರೇ ಆದ ಗೀತಾ ನಾಗಭೂಷಣರ 'ಬದುಕು'. 2004ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕಾದಂಬರಿ. ಅವರು ಅದನ್ನು ಮೆಲ್ಲಗೆ, ತುಟಿ ಅಲುಗಿಸುತ್ತ ಓದುತ್ತಿದ್ದರು. ಕೇಳಿದಾಗ ಹೇಳಿದರು: "ಸಾಲಿಯಾಗ 'ಅದ' ಅಂದ್ರ ಬೈಸಿಕೊಂಡು 'ಇದೆ' ಅನ್ಲಿಕ್ಕೆ ಕಲ್ತೋಳ್ರಿ ನಾ. ಇದ್ರಾಗ ನಮ್ಮವ್ವನ ಮಾತು ಅಚ್ಚಾಗ್ಯದ. ಓದ್ಲಿಕ್ಕೆ ಸಂತೋಷ, ಹಿಂದಿಂದ ಒಂದೀಟು ನಾಚಿಕಿ. ಬೆಂಗಳೂರಿನೋರಿಗಿ ಇದು ತಿಳೀತದೇನ್ರಿ?" ಲೆಕ್ಕದವರು ತಟ್ಟನೆ, "ಅವ್ರ ಪುಸ್ತಕ ತಿಳ್ಕೊಳ್ಲಿಕ್ಕೆ ನಾವು ತ್ರಾಸ ತಗೊಂಡಿಲ್ಲೇನ್ರಿ ಅಕ್ಕೋರ? ಅವ್ರೂ ಒಂದೀಟು ತಗೊಳ್ಳಲಿ" ಎಂದರು. ನಮ್ಮ ಭಾಗದ ಓದುಗರು ಅಭಿಪ್ರಾಯ ಹೇಳಲು ಹಿಂಜರಿಯುವುದಕ್ಕೆ ಅಕ್ಕೋರ ಆ ನಾಚಿಕೆಯೇ ಕಾರಣವಿರಬೇಕು. ಪುಸ್ತಕದ ಕನ್ನಡ ಬೇರೆ, ಮನೆಯ ಕನ್ನಡ ಬೇರೆ. ಮನೆಯ ಕನ್ನಡದಲ್ಲಿ ಪುಸ್ತಕವನ್ನು ಕುರಿತು ಮಾತಾಡಿದರೆ ಯಾರಾದರೂ ನಕ್ಕಾರು ಎಂಬ ಅಂಜಿಕೆ.

ಆದರೆ ಈ ಅಂಜಿಕೆ ಎಲ್ಲಿಯಾದರೂ ಇರಲಿ, ಸೇಡಂ ತಾಲೂಕಿನಲ್ಲಿ ಇರಬಾರದು. ಕಾಗಿಣಾ ನದಿಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಶ್ರೀವಿಜಯನಿಂದ ರಚಿತವಾದ 'ಕವಿರಾಜಮಾರ್ಗ' ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು. ಅದು ಕಥೆಯಲ್ಲ, ಪುರಾಣವಲ್ಲ. ಕಾವ್ಯದಲ್ಲಿ ಯಾವುದು ಚೆನ್ನ, ಯಾವುದು ಚೆನ್ನಲ್ಲ ಎಂದು ಹೇಳುವ ಗ್ರಂಥ. ಎಂದರೆ ನಮ್ಮ ಕೈಗೆ ಬಂದ ಮೊದಲ ಕನ್ನಡ ಪುಸ್ತಕವೇ ಬೇರೆಯವರ ಪುಸ್ತಕಗಳನ್ನು ಕುರಿತು ಮಾತಾಡುವ ಪುಸ್ತಕ! ಈ ನಾಡಿನ ಜನ ವಿಶೇಷವಾಗಿ ಓದದೆಯೂ ಕಾವ್ಯದ ಹದ ಬಲ್ಲವರೆಂದು ಅದು ಸನ್ನದು ಬರೆದುಕೊಟ್ಟಿದೆ. ಇನ್ನೊಂದು ಮಾತು. ತನಗಿಂತ ಹಿಂದಿನವರಾದ ದುರ್ವಿನೀತ, ವಿಮಲ, ಉದಯ, ನಾಗಾರ್ಜುನ ಮೊದಲಾದವರ ಹೆಸರುಗಳನ್ನು ಅದು ಹೇಳುತ್ತದೆ. ಅವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಪುಸ್ತಕ ಹೋಯಿತು, ಅದನ್ನು ಓದಿದವನೊಬ್ಬ ಇನ್ನೊಬ್ಬರಿಗೆ ಹೇಳಿದ ಮಾತು ಉಳಿಯಿತು.

ಚಿತ್ತಾಪುರದ ಪಕ್ಕದ ನಾಗಾವಿಯದೂ ಇಂಥದೇ ಹಿರಿಮೆ. ಅಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. 1058ರ ಶಾಸನ ಅಲ್ಲಿಯ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ವ್ಯವಸ್ಥೆಯನ್ನು ಹೇಳುವಾಗ, ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಆರು ಮಂದಿ! ಇಂದಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಬ್ಬರೇ ಮೇಲ್ವಿಚಾರಕರು ಬೀಗ ತೆಗೆದು, ಕಸ ಹೊಡೆದು, ಪತ್ರಿಕೆ ಹರಡಿ, ಪುಸ್ತಕವನ್ನೂ ಕೊಡಬೇಕು. ಆ ಆರು ಮಂದಿ ಓಲೆಗರಿಗಳ ಧೂಳು ಕೊಡವಿದ ಮೇಲೂ ಅವರಿಗೆ ಹೊತ್ತು ಉಳಿಯುತ್ತಿದ್ದಿರಬೇಕು. ಕಟ್ಟು ಹಿಂದಿರುಗಿಸಲು ಬಂದ ಹುಡುಗನನ್ನು "ಹೇಗಿತ್ತಪ್ಪ?" ಎಂದು ಕೇಳುತ್ತಿದ್ದರೆಂದು ನಾನು ಊಹಿಸಿಕೊಳ್ಳುತ್ತೇನೆ.

ನಮ್ಮ ಡಬ್ಬಿಯಲ್ಲಿ ನಗೆಯಿಲ್ಲದ ಮಾತು ಬಂದದ್ದು ಒಂದೇ ಸಲ. ಲೆಕ್ಕದವರ ತಂದೆ ತೊಂಬತ್ತರ ಹತ್ತಿರದವರು. ಹಿಂದಿನ ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿದವರ ಓದು ಎಂಥದೆಂದು ಬೆಂಗಳೂರು-ಮೈಸೂರಿನ ಓದುಗರಿಗೆ ಸ್ವಲ್ಪ ಹೇಳಬೇಕು. 1928ರಲ್ಲಿ ಬಿ.ಎಂ.ಶ್ರೀ. ಅವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನವೇನೋ ನಡೆದಿತ್ತು. ಆದರೆ ಶಾಲೆಯ ಮೇಲಿನ ತರಗತಿಗಳಲ್ಲಿ, ಕಚೇರಿಯಲ್ಲಿ, ಕಾಲೇಜಿನಲ್ಲಿ ಉರ್ದುವೇ ನಡೆಯುತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರುವ ಹೊತ್ತಿಗೆ ಈ ಹಿರಿಯರು ಉರ್ದುವಿನಲ್ಲಿ ಓದಿನ ರುಚಿ ಹತ್ತಿಸಿಕೊಂಡಾಗಿತ್ತು. ಮನೆಯಲ್ಲಿ ಆಡಿದ್ದು ಕನ್ನಡ, ಓದಿದ್ದು ಉರ್ದು. ಒಂದು ಟ್ರಂಕಿನ ತುಂಬ ಪುಸ್ತಕ. ಅದರಲ್ಲಿ ಪ್ರೇಮಚಂದರ 'ಗೋದಾನ'ದ ಉರ್ದು ಪ್ರತಿಯೂ ಇತ್ತು. ಹಸುವೊಂದು ತನ್ನ ಬಾಗಿಲಲ್ಲಿ ನಿಲ್ಲಲೆಂದು ಹಂಬಲಿಸಿದ ಹೋರಿಯ ಕಥೆಯನ್ನು ಅವರು ಮಗನಿಗೆ ಕನ್ನಡದಲ್ಲಿ ಹೇಳುವಾಗ ಹೋರಿ ಕಾಗಿಣಾ ದಂಡೆಯ ಒಕ್ಕಲಿಗನೇ ಆಗಿಬಿಡುತ್ತಿದ್ದನಂತೆ.

ಈಗ ಅವರ ಕಣ್ಣು ಮಂಜಾಗಿತ್ತು. ಮನೆಯಲ್ಲಿ ಬೇರೆ ಯಾರಿಗೂ ಆ ಲಿಪಿ ಬಾರದು. "ಟ್ರಂಕಿಗಿ ಗೆದ್ದಲ ಹತ್ತ್ಯದ. ರದ್ದಿಯವಗ ಕೊಟ್ಟು ಬಿಡ್ಬೇಕಂತ ಮಾಡೀನಿ" ಎಂದರು ಲೆಕ್ಕದವರು, ಕಿಟಕಿಯ ಹೊರಗೆ ನೋಡುತ್ತ. ನಾವು ಯಾರೂ ಬೇಡವೆನ್ನಲಿಲ್ಲ. ಓದಬಾರದವರ ಮನೆಯಲ್ಲಿ ಪುಸ್ತಕ ಇಟ್ಟುಕೊಳ್ಳಿರೆಂದು ಉಪದೇಶ ಮಾಡುವುದು ಸುಲಭ, ಗೆದ್ದಲು ಝಾಡಿಸುವವರು ಅವರಲ್ಲವೇ?

ದಾರಿ ಕಂಡವರು ಅಕ್ಕೋರು. ಅವರ ಶಾಲೆಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅದೇ ಓಣಿಯವಳು. ಆಕೆ ಭಾನುವಾರ ಒಂದು ತಾಸು ಹೋಗಿ ಓದಿ ಹೇಳುವುದೆಂದಾಯಿತು. ಅಕ್ಷರ ಬಂದರೂ ಹಳೆಯ ಉರ್ದುವಿನ ಎಷ್ಟೋ ಮಾತು ಅವಳಿಗೆ ತಿಳಿಯದು. ಅವರು ಕನ್ನಡದಲ್ಲಿ ಬಿಡಿಸಿ ಹೇಳುವರು. ಕಣ್ಣು ಅವಳದು, ಅರ್ಥ ಅವರದು. ಕೆಲವು ವಾರದ ಮೇಲೆ ಲೆಕ್ಕದವರು ವರದಿ ತಂದರು. ಹುಡುಗಿ ನಡುವೆ ಓದು ನಿಲ್ಲಿಸಿ, "ಮುತ್ಯಾ, ಈ ಹೋರಿ ಎಲ್ಲಾರಿಗೂ ಹೂಂ ಹೂಂ ಅಂತಾನ. ಒಮ್ಮೆರ ಒಲ್ಲೆ ಅನ್ನಬಾರದಾ?" ಎಂದು ಸಿಟ್ಟಾದಳಂತೆ. ಮುತ್ಯಾ ಬಹಳ ಹೊತ್ತು ಸುಮ್ಮನಿದ್ದು, "ಎಪ್ಪತ್ತು ವರ್ಷದಾಗ ನನಗ ಇದು ಹೊಳದಿದ್ದಿಲ್ಲವ್ವ" ಎಂದರಂತೆ. ರದ್ದಿಯ ಮಾತು ಆಮೇಲೆ ಬರಲಿಲ್ಲ. ಲೆಕ್ಕದವರು ಶಹಾಬಾದದ ಫರಸಿ ಕಲ್ಲಿನದೇ ಒಂದು ಕಟ್ಟೆ ಮಾಡಿಸಿ ಟ್ರಂಕನ್ನು ಅದರ ಮೇಲಿಟ್ಟರು. ಹುಡುಗಿ ಮುಂದಿನ ಓದಿಗೆ ಕಲಬುರಗಿಗೆ ಹೋದಳು. ಹೋಗುವಾಗ ಟ್ರಂಕಿನಿಂದ ಎರಡು ಪುಸ್ತಕ ಕೇಳಿ ಒಯ್ದಳು.

2020ರ ಮಾರ್ಚಿನಲ್ಲಿ ರೈಲುಗಳು ನಿಂತಾಗ ನಮ್ಮ ಕೂಟವೂ ಚದುರಿತು. ಅಷ್ಟರಲ್ಲಿ ನನಗೆ ನಿವೃತ್ತಿಯೂ ಬಂತು. ಈಗ ಫಿಟ್ಟರ ಫೋನಿನಲ್ಲಿಯೇ ಓದುತ್ತಾನೆ, ಫೋನಿನಲ್ಲಿಯೇ ಅಭಿಪ್ರಾಯ ಹೇಳುತ್ತಾನೆ. ಅದರಿಂದ ಪುಸ್ತಕಕ್ಕೇನೂ ಊನವಾಗಿಲ್ಲ. ಒಂದೇ ಕೊರತೆ: ಫೋನಿನಲ್ಲಿ ಮಾತು ಬೇಗ ಮುಗಿಯುತ್ತದೆ, ವಾಡಿಯ ಸಿಗ್ನಲ್ಲಿನ ಸಹಾಯ ಅಲ್ಲಿಲ್ಲ.

ಈ ಪುರವಣಿಯನ್ನು ಮಡಚಿಡುವ ಮುನ್ನ ಓದುಗರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯ ಹಿರಿಯರನ್ನೋ ಪಕ್ಕದ ಮನೆಯ ಹುಡುಗಿಯನ್ನೋ ಒಮ್ಮೆ ಕೇಳಿ ನೋಡಿ, ಈಗ ಏನು ಓದುತ್ತಿದ್ದೀರಿ ಎಂದು. "ಏನೂ ಇಲ್ಲ" ಎಂಬ ಉತ್ತರ ಬಂದರೆ ಬೇಸರಪಡಬೇಡಿ, ಮುಂದಿನ ವಾರ ಮತ್ತೆ ಕೇಳಿ. ಎರಡು ಸಲ "ಏನೂ ಇಲ್ಲ" ಎನ್ನಲು ಯಾರಿಗಾದರೂ ಸಂಕೋಚವಾಗುತ್ತದೆ. ಮೂರನೆಯ ಸಲಕ್ಕೆ ಒಂದು ಪುಸ್ತಕ ಕೈಯಲ್ಲಿರುತ್ತದೆ. ಆದರೆ ಕೇಳುವಾಗ ಕೈಯಲ್ಲಿ ಹೊತ್ತಿಟ್ಟುಕೊಂಡು ಕೇಳಿ. ಉತ್ತರ ಶುರುವಾದ ಮೇಲೆ ಗಡಿಯಾರ ನೋಡುವುದು ನಮ್ಮ ಕಡೆ ಮರ್ಯಾದೆಯಲ್ಲ.