ಮ್ಯಾಟ್ ಎತ್ತಿ ನೋಡ್ರಿ

ಕಂಪ್ಲಿ ಮಗಳ ಮನಿಗೆ ಗದ್ದಿ ದಾರಿ, ಸಂಡೂರು ಕುಮಾರಸ್ವಾಮಿ ಗುಡಿಗೆ ಗುಡ್ಡದ ದಾರಿ. ಅದಕ್ಕ ಹೊಸಪೇಟ್ಯಾಗ ಹಳೇ ಡೀಸೆಲ್ ಬೊಲೆರೊ ನೋಡಾಕ ಹೋಗಿದ್ವಿ.

ಮನಿಯವರು ಬಾನೆಟ್ ಎತ್ತಿ ಸಪ್ಪಳ ಕೇಳಿದ್ರು, ಮಗ ಮೀಟರ್ ನೋಡಿದ. "ಬರೇ ಮನಿ ಮಂದಿ ಓಡಾಡಿದ ಗಾಡಿ ಅಮ್ಮಾ" ಅಂದ ಮಾರಾವ. ನಾನು ಕಾಲಾಗಿನ ಮ್ಯಾಟ್ ಎತ್ತಿದೆ. ಬುಡಕ ಕೆಂಪು ಧೂಳು ಗಟ್ಟಿಯಾಗಿ ಕುಂತಿತ್ತು.

ನನ್ನ ತವರು ಸಂಡೂರು. ಆ ದಾರಿಗೆ ಹೋದ ಗಾಡಿಗೆ ಹೊರಗ ಧೂಳು ಹತ್ತೇ ಹತ್ತತೈತಿ. ಒಳಗ ಹಿಂಗ ಕುಂದ್ರಬೇಕಂದ್ರ ದಿನಾ ಗಣಿಗೆ ಹೋಗಿರಬೇಕು. ಬ್ಯಾಡ ಅಂದೆ. ಮನಿಯವರು ದಾರಿತುಂಬ ಮಾತಾಡ್ಲಿಲ್ಲ.

ಮರುವಾರ ಇನ್ನೊಂದು ಸಿಕ್ತು. ಬಣ್ಣ ಮಾಸಿತ್ತು, ಬುಡ ಚೊಕ್ಕ ಇತ್ತು. ಮುಂಜಾನಿ ಇಂಜಿನ್ ತಣ್ಣಗಿದ್ದಾಗ್ಲೂ ಒಂದೇ ಸಲಕ್ಕ ಚಾಲೂ ಆತು. ಮೊಣಕಾಲು ನೋವಿನ ಅತ್ತಿಯವರು ಬಾಗಿಲು ಹಿಡದು ಹತ್ತಿ ಕುಂತು, "ಇದ ಇರ್ಲಿ" ಅಂದ್ರು.

ಗಾಡಿ ಗಂಡಸ್ರ ವಿಷಯ ಅಂತ ಹೊರಗ ನಿಂದ್ರಬ್ಯಾಡ್ರಿ ಅಕ್ಕಾರ.