ಗುರಿ ತಪ್ಪಿಸುವುದು ಒದೆತವಲ್ಲ, ಅಂಜಿಕೆ

ಮುಧೋಳ ತಾಲೂಕಿನ ಹಲಗಲಿಯ ಬೇಡರ ಕಥೆ ಯಾರಿಗೆ ಗೊತ್ತಿಲ್ಲ? ಆಯುಧ ಒಪ್ಪಿಸಿರೆಂದ ಬ್ರಿಟಿಷರಿಗೆ 1857ರಲ್ಲಿ ಎದುರುನಿಂತ ಬೇಟೆಗಾರರ ಊರು ಅದು. ಮುಧೋಳದ ಬೇಟೆನಾಯಿಯೂ ದೇಶಕ್ಕೆಲ್ಲ ಪರಿಚಿತ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ. ಈಗ ಮುಧೋಳ, ಜಮಖಂಡಿ, ಬೀಳಗಿಯ ಮಕ್ಕಳು ಬಂದೂಕು ಹಿಡಿಯುವುದೇನಿದ್ದರೂ ಎನ್‌ಸಿಸಿ ಶಿಬಿರದಲ್ಲಿ, ಕಾಗದದ ಗುರಿಯ ಮುಂದೆ. ಎಳೆಯ ಬೇಟೆಗಾರನ ಹಳೆಯ ಅಂಜಿಕೆ ಮಾತ್ರ ಉಳಿದಿದೆ: ಬಂದೂಕು ಒದೆಯುತ್ತದೆ!

ಒದೆಯುವುದು ನಿಜ. ನ್ಯೂಟನ್ನನ ಮೂರನೆಯ ನಿಯಮ ಯಾರನ್ನೂ ಬಿಡುವುದಿಲ್ಲ. ಗುಂಡು ಮುಂದಕ್ಕೆ, ಬಂದೂಕು ಹಿಂದಕ್ಕೆ. ಎಷ್ಟು ಹಿಂದಕ್ಕೆ ಎಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಶಿಬಿರದ ಪಾಯಿಂಟ್ 22 ರೈಫಲ್ಲಿನ ಗುಂಡು ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ರೈಫಲ್ 4 ಕಿಲೋ ಎಂದುಕೊಂಡರೆ ಅದು ಹಿಂದೆ ಸರಿಯುವ ವೇಗ ಸೆಕೆಂಡಿಗೆ 21 ಸೆಂಟಿಮೀಟರ್ ಅಷ್ಟೆ. ಗೆಳೆಯ ಹೆಗಲು ತಟ್ಟಿದಷ್ಟೂ ಅಲ್ಲ! ಹಿಂದೆ ಸೈನ್ಯದಲ್ಲಿದ್ದ ಪಾಯಿಂಟ್ 303 ರೈಫಲ್ಲಿನಲ್ಲಿ ಈ ವೇಗ ಹತ್ತು ಪಟ್ಟು, ಚಲನಶಕ್ತಿ ಸುಮಾರು ನೂರು ಪಟ್ಟು. ಚಿಕ್ಕದರಿಂದ ಆರಂಭಿಸಬೇಕು ಎನ್ನುವುದು ಇದಕ್ಕೇ.

ಇನ್ನೊಂದು ಸೋಜಿಗ ನೋಡಿ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರ ಎರಡು ಮೂರು ಪಾಲಿನಲ್ಲೇ ಗುಂಡು ನಳಿಗೆ ದಾಟಿರುತ್ತದೆ. ಒದೆತ ಹೆಗಲಿಗೆ ಅರಿವಾಗುವ ಹೊತ್ತಿಗೆ ಅದು ಹೋಗಿಯಾಗಿದೆ. ಹಾಗಾದರೆ ಗುರಿ ತಪ್ಪುವುದೇಕೆ? ಒದೆತ ಬರುವ ಮೊದಲೇ ಹುಡುಗ ಕಣ್ಣು ಮುಚ್ಚಿ, ಹೆಗಲು ಬಿಗಿದು, ಟ್ರಿಗರನ್ನು ಜಗ್ಗಿಬಿಡುತ್ತಾನೆ.

"ಹೆಗಲ ಮುರೀತೈತ್ರಿ ಸರ್" ಎನ್ನುವ ಹುಡುಗನನ್ನು "ಯಾರಂದ್ರೋ ತಮ್ಮಾ?" ಎಂದು ಕೇಳಿದರೆ "ನಮ್ಮ ಕಾಕಾ" ಎನ್ನುತ್ತಾನೆ. ಅಂಜಿಕೆ ಹುಟ್ಟಿದ್ದು ಬಂದೂಕಿನಲ್ಲಲ್ಲ, ಮನೆಯ ಮಾತಿನಲ್ಲಿ!

ಒಳ್ಳೆಯ ತರಬೇತುದಾರ ಗದರಿಸುವುದಿಲ್ಲ. ಮೊದಲು ತೋಟಾ ಇಲ್ಲದ ಬಂದೂಕಿನಲ್ಲಿ, ಖಾಲಿಯೆಂದು ಎರಡು ಸಲ ಪರೀಕ್ಷಿಸಿ, ಟ್ರಿಗರ್ ಒತ್ತುವುದನ್ನು ಕಲಿಸುತ್ತಾನೆ. ಬಂದೂಕಿನ ಹಿಂಬದಿಯನ್ನು ಹೆಗಲ ಗುಳಿಗೆ ಒತ್ತಿ ಹಿಡಿಸುತ್ತಾನೆ. ಸಡಿಲ ಹಿಡಿದರೆ ಅದು ಓಡಿಬಂದು ಗುದ್ದುತ್ತದೆ. ಒತ್ತಿ ಹಿಡಿದರೆ ಬರಿಯ ತಳ್ಳು, ಏಕೆಂದರೆ ಈಗ ಹುಡುಗನ ಮೈಭಾರವೂ ಬಂದೂಕಿನ ಜೊತೆ ಸೇರಿತು. ಆಮೇಲೆ, ಹುಡುಗನಿಗೆ ತಿಳಿಸದೆ, ತೋಟಾಗಳ ನಡುವೆ ಸಿಡಿಯದ ಡಮ್ಮಿಯೊಂದನ್ನು ಸೇರಿಸುತ್ತಾನೆ. ಸದ್ದಿಲ್ಲ, ಒದೆತವಿಲ್ಲ; ಆದರೂ ನಳಿಗೆ ಕುಣಿಯುತ್ತದೆ! ಕುಣಿಸಿದವರು ಯಾರೆಂಬುದು ಹುಡುಗನಿಗೇ ಕಾಣುತ್ತದೆ. ನೂರು ಬೈಗುಳಕ್ಕಿಂತ ಆ ಒಂದು ನೋಟ ಮೇಲು.

ಅಂಜಿಕೆಯಲ್ಲಿ ಸದ್ದಿನ ಪಾಲೂ ದೊಡ್ಡದು. ರಬಕವಿ-ಬನಹಟ್ಟಿಯ ನೇಕಾರರ ಕೂಸು ಮಗ್ಗದ ಗದ್ದಲದಲ್ಲೇ ನಿದ್ದೆ ಮಾಡುತ್ತದೆ, ಹೊಸಬರು ಬೆಚ್ಚುತ್ತಾರೆ. ರೂಢಿಯ ಮಹಿಮೆ ಅದು. ಆದರೆ ಮನಸ್ಸು ಒಗ್ಗಿದರೂ ಕಿವಿ ಒಗ್ಗುವುದಿಲ್ಲ, ಸವೆಯುತ್ತದೆ. ಆದ್ದರಿಂದ ಗುಂಡು ಹಾರಿಸುವಾಗ ಕಿವಿಗೆ ರಕ್ಷಣೆ ಬೇಕೇ ಬೇಕು.

ತಂದೆತಾಯಿಗಳೇ, ಹತ್ತನೆಯ ತರಗತಿಯ ಪರೀಕ್ಷೆಯೂ ಇಂಥದೇ ಒಂದು ಬಂದೂಕು. "ಗಣಿತ ಭಾರಿ ಕಠಿಣ, ಹುಷಾರ್" ಎಂದು ವರ್ಷವಿಡೀ ಹೇಳಿದರೆ ಪ್ರಶ್ನೆಪತ್ರಿಕೆ ಬರುವ ಮೊದಲೇ ಮಗು ಕಣ್ಣು ಮುಚ್ಚುತ್ತದೆ. ಏನೂ ಆಗುವುದಿಲ್ಲವೆಂಬ ಸುಳ್ಳೂ ಬೇಡ. ಒದೆತ ಇದೆ, ಇಷ್ಟೇ ಇದೆ ಎಂದು ಅಳೆದು ತೋರಿಸಿ. ಸಣ್ಣ ಲೆಕ್ಕದಿಂದ ಆರಂಭಿಸಿ. ಹುಡುಗ ಬೆಚ್ಚಿದರೆ ನಗಬೇಡಿ. ಇನ್ನೊಂದು ತೋಟಾ ಕೊಡಿ.